ಗಂಡಸರಿಗೆ ಪ್ರವೇಶವಿಲ್ಲದ ಆಟ

ಜನವರಿ 10, ಶನಿವಾರ

ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆದದ್ದಾಯಿತು. ಸೊಂಟ ಹೋಯಿತು. ಎರಡನೆಯ ಚಹಾ. ವೆಸ್ಟ್‌ಮಂಟ್‌ನ ಈ ಮನೆಯಲ್ಲಿ ಇವತ್ತು ಕಂಪನಿ ನಾಟಕದ ಬಣ್ಣದ ಕೋಣೆಯ ಗದ್ದಲ! ಹೆಂಡತಿ ಗುರುದೇವಿ ಹೊಲಿಗೆ ಮೆಷಿನ್ ಮುಂದೆ ಕೂತು ಮಗಳು ಅಕ್ಷರಾಳಿಗೆ ಕರಿ ಚಡ್ಡಿ ಹೊಲಿಯುತ್ತಿದ್ದಾಳೆ. ಚಡ್ಡಿಯೆಂದರೆ ಎಂಥದು — ಎರಡು ಗೋಣಿಚೀಲ ಜೋಡಿಸಿ ಮೊಣಕಾಲ ಕೆಳಗೆ ಬಿಗಿದಂತೆ. 1897ರಲ್ಲಿ ಅಕ್ಷರಾಳ ಕಾಲೇಜಿನ ಹುಡುಗಿಯರು ಮೊದಲ ಸಲ ಬಾಸ್ಕೆಟ್‌ಬಾಲ್ ಆಡಿದ್ದು ಇದನ್ನೇ ತೊಟ್ಟು. ಫೆಬ್ರವರಿ 7ಕ್ಕೆ ಅದೇ ಆಟ, ಅದೇ ವೇಷ, ಅದೇ ನಿಯಮ. ಅವಳ ಹಿಸ್ಟರಿ ಪ್ರಾಜೆಕ್ಟ್. ಹೋದ ವರ್ಷ ಪೆಟ್ಟಾದ ಅವಳ ಮೊಣಕಾಲು ಇನ್ನು ತಡೆಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಇದೇ ಅವಳ ಕೊನೆಯ ಆಟ.

"ಮೈಕ್ ಬ್ಯಾಡ, ನನ್ನ ಗಂಟಲ ಸಾಕು. ನಾನs ಅನೌನ್ಸ್ ಮಾಡ್ತೀನಿ," ಅಂದೆ.

"ಅಪ್ಪಾ, ಗಂಡಸ್ರು ಒಳಗ ಬರಂಗಿಲ್ಲ. ಆಗಿನ ರೂಲ್. ಕಿಟಕಿಗೂ ಪೇಪರ್ ಹಚ್ಚಿದ್ರು."

"ಅಪ್ಪನೂ?"

"ಅಪ್ಪನೂ."

ನಮ್ಮಪ್ಪನ ಕಾಲದ ಕಂಪನಿಯಲ್ಲಿ ಗಂಡಸರು ಸೀರೆ ಉಟ್ಟು ರಾಣಿಯಾಗುತ್ತಿದ್ದರು, ಇಲ್ಲಿ ಹುಡುಗಿಯರು ಓಡಿದರೆ ಗಂಡಸರ ಕಣ್ಣಿಗೇ ಪರದೆ ಎಂದು ನಗಾಡಿದೆ. ಅವಳು ನಗಲಿಲ್ಲ.

ಜನವರಿ 13

ಹೋದ ವರ್ಷ ಡೆಟ್ರಾಯಿಟ್ ಹತ್ತಿರದ ಆ ಆಟವೇ ತಲೆಯಲ್ಲಿ. ಅವಳು ಬಿದ್ದಳು, ಮೊಣಕಾಲು ತಿರುಚಿತು. ಮೇಲಿನ ಸಾಲಿನಿಂದ ಧುಮುಕಿ, ಕೋರ್ಟಿನ ನಟ್ಟನಡುವೆ ಮಂಡಿಯೂರಿ, "ಮಗಳೇ!" ಅಂದೆ. ಕಟ್ಟಡ ನಡುಗಿತು. ರೆಫರಿಗೂ ನಾಲ್ಕು ಮಾತು, ಕನ್ನಡದಲ್ಲೇ. ಯಾರೋ ವಿಡಿಯೊ ಮಾಡಿದರು. ಆಮೇಲೆ ಕ್ಯಾಂಪಸ್ಸಿನ ಹುಡುಗರು ತಿಂಗಳುಗಟ್ಟಲೆ ಅವಳ ಬೆನ್ನಹಿಂದೆ "ಮಗಳೇ" ಎಂದು ಕೂಗುತ್ತಿದ್ದರಂತೆ.

ಸ್ಟ್ರೆಚರಿನ ಮೇಲೆ ಅವಳು ಅಂದದ್ದು ಇಷ್ಟೇ — "ಬಿದ್ದಿದ್ದು ನಾನು, ಅಪ್ಪಾ."

ಹೆತ್ತವನು ಓಡದೆ ಇನ್ನಾರು ಓಡಬೇಕು?... ಅಲ್ಲಿಂದೀಚೆಗೆ ಆಟ ಯಾವತ್ತು, ಎಲ್ಲಿ, ನನಗೆ ಹೇಳುವುದಿಲ್ಲ. ಈ ಸಲದ ತಾರೀಖು ಸಿಕ್ಕಿದ್ದೂ ಗುರುದೇವಿಯಿಂದ.

ಜನವರಿ 31

ಗುರುದೇವಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು — "ರೀ, ಕಾಲೇಜ್‌ನವ್ರು ಅಪ್ಪಂದ್ರನ್ನ ಒಳಗ ಬಿಡ್ತೀವಿ ಅಂದಿದ್ರಂತ. ನಿಮ್ಮ ಮಗಳs ಬ್ಯಾಡ ಅಂದ್ಲಂತ."

"ಎಲ್ಲಾ ಅಪ್ಪಂದ್ರನ್ನೂ?"

"ಒಬ್ಬರ ಸಲುವಾಗಿ ಎಲ್ಲಾರನ್ನೂ."



ಫೆಬ್ರವರಿ 7, ಮಧ್ಯಾಹ್ನ — ಕಾರಿನಲ್ಲಿ

ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಹೀಟರ್ ಹಾಕಿಕೊಂಡು ಬರೆಯುತ್ತಿದ್ದೇನೆ. 

ಜಿಮ್ ಕಿಟಕಿಗಳಿಗೆಲ್ಲ ಕಂದು ಕಾಗದ. ಬಾಗಿಲಲ್ಲಿ ಕಾಫಿ ಹಿಡಿದ ಅಪ್ಪಂದಿರ ಹಿಂಡು. ಪಕ್ಕದೂರು ಅರೋರಾದಿಂದ ಬಂದ ನಮ್ಮ ಗೆಳೆಯ ಕಲ್ಮೇಶ್ ಹೆಂಡತಿಯನ್ನು ಒಳಗೆ ಕಳಿಸಿ ನನ್ನ ಪಕ್ಕ ನಿಂತ. "ಗುರುಸಿದ್ದಣ್ಣಾ, ಟಿಕೆಟ್ ತಗೊಂಡು ಬರೀ ಪರದೆ ನೋಡೂ ನಾಟಕ ಇದೇ ಮೊದಲ ನೋಡು!"

ನಕ್ಕೆ. ಆಗಿನ ರೂಲಿನಂತೆ ಒಳಗಿನ ಹೆಂಗಸರೂ ಕೂಗುವಂತಿಲ್ಲ, ಕೈಗವಸು ತೊಟ್ಟು ಮೆಲ್ಲಗೆ ಚಪ್ಪಾಳೆ. ಕೇಳಿಸಿದ್ದು ಚೆಂಡು, ಬೂಟು, ಸೀಟಿ. ಆಮೇಲೆ — ಧಡ್! ಒಂದು ಚೀರು. ಚೆಂಡು ತಾನೇ ಪುಟಿದು ಪುಟಿದು ನಿಂತಿತು.

ಆ ಚೀರು ನನಗೆ ಗೊತ್ತು.

"ಅಕ್ಷರಾನs ಅಲಾ? ಏನ್ ನಿಂತೀಯೋ ಅಣ್ಣಾ, ಹೋಗು! ರೂಲ್ ಸುಡ್ಲಿ!"

ಬಾಗಿಲ ಹಿಡಿಕೆ ಹಿಡಿದೆ. ತಣ್ಣನೆಯ ಕಬ್ಬಿಣ ಅಂಗೈಗೆ ಅಂಟಿತು. ಗಂಟಲಲ್ಲಿ ಆ ಒಂದು ಕೂಗು ಸಿದ್ಧವಾಗಿ ನಿಂತಿತ್ತು. ನುಂಗಿದೆ. ಕೈ ಬಿಟ್ಟೆ. ಕಾರಿಗೆ ಬಂದು ಕೂತೆ.

ಗುರುದೇವಿಯ ಮೆಸೇಜ್: "ಬಿದ್ದಾಳ. ಅದೇ ಕಾಲು. ಎದ್ದು ಆಡ್ತೀನಿ ಅನ್ನಾಕತ್ತಾಳ."

ಅದೇ ದಿನ, ಸಂಜೆ

ಮನೆ. ಗೆದ್ದರಂತೆ. ಆಟ ಮುಗಿಸಿ ಕುಂಟುತ್ತ ಬಂದು ಆ ಗೋಣಿ ಚಡ್ಡಿಯಲ್ಲೇ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿದಳು.  ಹೆದ್ದಾರಿಯಲ್ಲಿ ನಮ್ಮ ಎಕ್ಸಿಟ್ ಬಂದಾಗ ಕೇಳಿದಳು —

"ಅಪ್ಪಾ, ನಾ ಚೀರಿದ್ದು ನಿಮಗ ಕೇಳಿಸ್ತಾ?"

"ಕೇಳಿಸ್ತು."

"ಆದ್ರೂ ಬರ್ಲಿಲ್ಲ."

"ನೀನs ಬ್ಯಾಡ ಅಂದಿದ್ದಿ ಅಲ್ಲವಾ."

"ಐ ನೋ." ಆಮೇಲೆ ಕಿಟಕಿಯ ಕಡೆ ತಿರುಗಿ, "ನೆಲದ ಮ್ಯಾಲೆ ಬಿದ್ದಾಗ... ಐ ವಾಸ್ ಲಿಸನಿಂಗ್ ಫಾರ್ ಯು."

ನನ್ನ ದನಿಗೆ ಕಿವಿಗೊಟ್ಟು ಮಲಗಿದ್ದಳಂತೆ! ಎಲ್ಲಿ ಬಂದುಬಿಡುತ್ತದೋ ಎಂದೇ? ಯಾಕೆ ಇನ್ನೂ ಬರಲಿಲ್ಲ ಎಂದೇ? ಕನ್ನಡಿಯಲ್ಲಿ ಅವಳ ಮುಖ ಹುಡುಕಿದೆ. ಕತ್ತಲು. ಕಂಪನಿ ನಾಟಕಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತು ಪಾತ್ರಧಾರಿಯ ಹುಬ್ಬು ಓದುತ್ತಿದ್ದವನು ನಾನು. ಮೂರಡಿ ದೂರದ ಮಗಳನ್ನು ಓದಲಾಗಲಿಲ್ಲ.

ಅವಳ ಕೋಣೆಯಲ್ಲಿ ಇನ್ನೂ ದೀಪ. ಮೊಣಕಾಲ ಮೇಲಿನ ಐಸ್ ಕರಗಿರಬೇಕು. ಹೊಸದನ್ನು ತೆಗೆದಿಟ್ಟಿದ್ದೇನೆ, ಈ ಹಾಳೆಯ ಮೇಲೆಲ್ಲ ನೀರು. ಬಾಗಿಲು ತಟ್ಟಬೇಕು. ಅವಳು ಬಾ ಅಂದರೆ ಮಾತ್ರ ಒಳಗೆ. ದನಿ ಏರಿಸದೆ ಒಂದೇ ಮಾತು ಕೇಳಬೇಕು. ಮಗಳೇ, ನೀ ಆಗ —