ಕುಂಕುಮ ಹಚ್ಚಿದ ಬ್ರೇಕು

ನವೆಂಬರ್ ೧೪, ಶುಕ್ರವಾರ. ಶಿರಾ.

ಅಣ್ಣನನ್ನು ನೆನೆದರೆ ಇನ್ನೂ ಮೈ ಉರಿಯುತ್ತಿದೆ. ನಮ್ಮ ಕಾರ್ ರೇಸ್ ಗೇಮಿನ ಅಂಗಡಿಗೆ ಸ್ಟೀರಿಂಗು ಸಾದಾ ಇದ್ದರೂ ಸರಿ, ಬ್ರೇಕ್ ಪೆಡಲ್ ಮಾತ್ರ ನಿಜವಾದ ರೇಸ್ ಕಾರಿನಷ್ಟು ಗಟ್ಟಿ ಇರಬೇಕೆಂದು ಜಗಳವಾಡಿ ತರಿಸಿದವಳು ನಾನು. ಇವನು ಬೆಳಿಗ್ಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬಾಗಿಲಲ್ಲಿ ನಿಂತ.

"ಪೂಜೆ ಆಗೈತೆ, ಯಾರೂ ಚಪ್ಪಲಿಗಾಲಲ್ಲಿ ತುಳೀಬ್ಯಾಡ್ರಿ."

ಬರಿಗಾಲಲ್ಲಿ ಆ ಕಬ್ಬಿಣ ಒತ್ತಿದರೆ ಪಾದ ಸೀಳುತ್ತದೆ. ಬಂದವರೆಲ್ಲ ಬ್ರೇಕ್ ಒತ್ತಲಾಗದೆ ಗೇಮಿನ ತಿರುವಿನಲ್ಲಿ ಗೋಡೆಗೆ ಗುದ್ದಿ, ಕಾಲು ಉಜ್ಜಿಕೊಂಡು ಎದ್ದರು. ಅವರೆದುರಿಗೇ ಅಣ್ಣ ಅಂದ:

"ನೀನ್ ತರ್ಸಿದ್ ಬ್ರೇಕೇ ಸರಿಯಿಲ್ಲ ಕಣಮ್ಮ. ನಾಳೆ ವಾಪಸ್ ಕಳ್ಸಿ ಮೆತ್ತಂದು ತರಿಸ್ತೀನಿ. ಅಂಗೇ ಲೈಟಿರೋ ಸ್ಟೀರಿಂಗೂ."

ಆ ಲೈಟಿನ ಸ್ಟೀರಿಂಗಿನ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ಆಯುಧಪೂಜೆಯ ಮಾರನೇ ದಿನವೇ ಚಪ್ಪಲಿ ಮೆಟ್ಟಿಕೊಂಡು ಕಡಲೆಕಾಯಿ ಲಾರಿ ಓಡಿಸುವವನಿಗೆ ಇವತ್ತು ಎಲ್ಲಿಂದ ಬಂತು ಭಕ್ತಿ?

ಅವನು ಅತ್ತ ಹೋದ ಮೇಲೆ ಬೂಟು ಹಾಕಿಕೊಂಡೇ ಕೂತು ಬ್ರೇಕ್ ಒತ್ತಿದೆ. ಕಾರು ಬೇಕೆಂದಲ್ಲಿ ನಿಂತಿತು.

ಬೂಟಿನ ಅಡಿಗೆ ಕುಂಕುಮ ಮೆತ್ತಿದೆ. ಒರೆಸಿಲ್ಲ. ನಾಳೆ ಬೆಳಿಗ್ಗೆ ಅವನು ದಾಟಬೇಕಾದ ಮನೆ ಹೊಸ್ತಿಲ ಪಕ್ಕದಲ್ಲೇ ಮಗುಚಿ ಇಟ್ಟಿದ್ದೇನೆ. ಮಗುಚಿದ ಮೆಟ್ಟು ಮನೆಗೆ ಜಗಳ ತರುತ್ತದಂತೆ.

ತರಲಿ.