ಪಟ್ಟಾ ಸರಿಸಿದ ಕೈ

ಇಚಲಕರಂಜಿ
೯-೮-೧೯೬೪

ತೀರ್ಥರೂಪ ಮಾವನವರಿಗೆ ನೇಮಗೊಂಡನ ನಮಸ್ಕಾರಗಳು.

ಮಗ್ಗದ ಕೆಲಸ ಮುಗಿದ ಮೇಲೆ ಹವ್ಯಾಸಕ್ಕೆಂದು ಕಟ್ಟಿಗೆಯ ಬುಗುರಿ, ಲಟ್ಟಣಿಗೆ ಕಡೆಯುತ್ತಿದ್ದ ನನ್ನ ಸಣ್ಣ ಲೇಥನ್ನು ಬದಲಾಯಿಸಿದ್ದೇನೆ. ಮೊದಲು ವೇಗ ಹೆಚ್ಚುಕಡಿಮೆ ಮಾಡಬೇಕೆಂದರೆ ಮೋಟಾರು ನಿಲ್ಲಿಸಿ, ಚರ್ಮದ ಪಟ್ಟಾವನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಕೈಯಿಂದ ಸರಿಸಬೇಕಾಗಿತ್ತು. ಈಗ ಹೊಲಿಗೆ ಯಂತ್ರದ ಮೋಟಾರು ಕೂಡಿಸಿದ್ದೇನೆ. ಕಾಲಿನಿಂದ ಒತ್ತಿದಷ್ಟು ವೇಗ ಏರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪಟ್ಟಾವನ್ನು ಯಾರೂ ಮುಟ್ಟಬೇಕಾಗಿಲ್ಲ. ತವರಿನಲ್ಲಿರುವ ಚಂಪಾಳಿಗೆ ಇದನ್ನು ಹೇಳಿರಿ.

ಅವಳ ಕೈ ಜಾರಿ ಬೆರಳು ಪಟ್ಟಾದಲ್ಲಿ ಸಿಕ್ಕಿಕೊಂಡವು ಎಂದು ಆಸ್ಪತ್ರೆಯಲ್ಲಿ ನಿಮಗೆ ಹೇಳಿದ್ದೆ. ಅದು ಸುಳ್ಳು. "ಮಿಶೀನ ನಿಂತೈತೇನ್ರಿ?" ಎಂದು ಅವಳು ಕೇಳಿದ್ದಳು. ನಾನು ತಲೆ ಎತ್ತದೆಯೇ, "ನಿಂತೈತಿ, ಪಟ್ಟಾ ಸರಸು" ಎಂದೆ. ಅದು ನಿಂತಿರಲಿಲ್ಲ.

ನಾನು ನಿಮಗೆ ಸುಳ್ಳು ಹೇಳುವಾಗ ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಪತ್ರ ಬರೆದಾಗಲೆಲ್ಲ ನೀವು ನನ್ನ ಊಟದ ಚಿಂತೆ ಮಾಡುತ್ತೀರಿ. ಅಂದರೆ ಅವಳು ನಿಮಗೆ ಈವರೆಗೂ ನಿಜ ಹೇಳಿಲ್ಲ.

ನಿಮ್ಮೂರು ನೇಸರಿಗೆಂದು ಎರಡು ಸಲ ಬಸ್ಸು ಹತ್ತಿದೆ. ಎರಡೂ ಸಲ ನಡುದಾರಿಯ ಗಡಹಿಂಗ್ಲಜದಲ್ಲೇ ಇಳಿದು ತಿರುಗಿ ಬಂದೆ.

ಅವಳನ್ನು ಕಳಿಸಿರೆಂದು ಕೇಳಲು ನನಗೆ ಬಾಯಿಲ್ಲ. ಒಂದೇ ಒಂದು ಮಾತು ಬರೆದು ತಿಳಿಸಿರಿ. ಬ್ಯಾಂಡೇಜು ಬಿಚ್ಚಿದ ಮೇಲೆ ತನ್ನ ಹೆರಳು ತಾನೇ ಹಾಕಿಕೊಳ್ಳುತ್ತಾಳೆಯೇ, ಇಲ್ಲವೆ ಅತ್ತೆಯವರೇ ಹಾಕಬೇಕಾಗುತ್ತಿದೆಯೇ?

ನಿಮ್ಮ ಅಳಿಯ,
ನೇಮಗೊಂಡ