ಜೀರಿಗೆ ತುಂಬಿದ ಡಬ್ಬಿ

ಗದಗ, ೨೧೯೧ನೆಯ ಇಸವಿ, ಹದಿಮೂರನೆಯ ತಿಂಗಳ ಹುಣ್ಣಿಮೆ

ತಾಯಿ ಸುವರ್ಣವ್ವನವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆಯುತ್ತಾ ಹೋದದ್ದರಿಂದ ನಾವು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿಕೊಂಡಿದ್ದೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಾನು ನಿಮ್ಮ ಮಗಳು ಅಕ್ಷತಾಳ ವಂಶದವಳು, ಹೆಸರು ಇಳಾ.

ಇವತ್ತು ನಮ್ಮ ಮನೆಯಲ್ಲಿ ಕಾವಲುಸೂಜಿ. ಹದಿನಾರು ತುಂಬಿದ ಮಕ್ಕಳಿಗೆಲ್ಲ ಎಚ್‌ಐವಿ ಅಂಟದಂತೆ ಕೊಡುವ ಚುಚ್ಚುಮದ್ದಿಗೆ ನಾವಿಟ್ಟ ಹೆಸರು ಅದು. ಬೆಳಿಗ್ಗೆಯೇ ಓಣಿಯ ಸೂಜಿಯವ್ವ, ಅಂದರೆ ನರ್ಸ್, ಬಂದು ಕಟ್ಟೆಯ ಮೇಲೆ ಕೂತಳು. ನನ್ನ ಮೊಮ್ಮಗಳು ಎಣ್ಣೆ ಹಚ್ಚಿ ತಲೆ ಬಾಚಿ, ಹೊಸ ಬಟ್ಟೆ ಹಾಕಿಕೊಂಡು ತೋಳು ಚಾಚಿದಳು. ಯಾರ ಜೊತೆ ತಿರುಗುತ್ತೀ ಎಂದು ಅವಳನ್ನು ಯಾರೂ ಕೇಳಲಿಲ್ಲ. ನೆರೆಯವರು ಹೊಟ್ಟೆ ತುಂಬ ಮಾದಲಿ ತಿಂದು, ತುಪ್ಪ ಸಾಲದೆಂದು ಕೊಂಕು ತೆಗೆದು ಹೋದರು. ಸೂಜಿ ಹಾಕುವ ಮೊದಲು, ಈ ಕಾವಲು ದಕ್ಕದೆ ಹೋದ ಮನೆಯವರೊಬ್ಬರ ಹೆಸರು ಹೇಳುವುದು ನಮ್ಮ ಪದ್ಧತಿ. ನಮ್ಮಲ್ಲಿ ಹೇಳುವುದು ನಿಮ್ಮ ಮಗ ಪ್ರಭುಲಿಂಗನ ಹೆಸರು.

ನಿಮ್ಮ ಕಾಲದಲ್ಲಿ ಅದು ದಿನಾ ನುಂಗುವ ಗುಳಿಗೆಯಾಗಿತ್ತಂತೆ. ಹತ್ತೊಂಬತ್ತರ ಹುಡುಗ ತಾನೇ ಆಸ್ಪತ್ರೆಗೆ ಹೋಗಿ, ಪರೀಕ್ಷೆ ಮಾಡಿಸಿಕೊಂಡು, ರೋಗ ಬಾರದಿರಲೆಂದು ತಂದದ್ದು. ಬಟ್ಟೆ ಮಡಚುವಾಗ ಗುಳಿಗೆಯ ಡಬ್ಬಿ ನಿಮ್ಮ ಕೈಗೆ ಸಿಕ್ಕಿತು. ಮೊಬೈಲಿನಲ್ಲಿ ಮದ್ದಿನ ಹೆಸರು ಹುಡುಕಿದಿರಿ. ರೋಗ ಇದ್ದವರಿಗೂ ಅದೇ ಮದ್ದು ಕೊಡುತ್ತಾರೆಂದು ಓದಿ, ಮಗನಿಗೆ ಬಂದೇ ಬಿಟ್ಟಿದೆ ಎಂದುಕೊಂಡಿರಿ.

“ಯಾರ ಸಂಗಡ ಬಿದ್ದು ಹಾಳಾದ್ಯೋ? ನಿಮ್ಮಪ್ಪಗ ಗೊತ್ತಾದ್ರ ನಾ ಉಳೀತೀನೇನು?” ಎಂದಿರಿ.

“ಯವ್ವಾ, ಇದು ಬರಬಾರದಂತ ತಗೊಳ್ಳೋದು, ಕೇಳ್ ಇಲ್ಲೆ...” ಎನ್ನುತ್ತಲೇ ಇದ್ದ ಅವನು.

ನೀವು ಗುಳಿಗೆಗಳನ್ನು ಗಟಾರಕ್ಕೆ ಸುರಿದಿರಿ. ಡಬ್ಬಿ ಗಟ್ಟಿಯಾಗಿದೆಯೆಂದು ತೊಳೆದು ಜೀರಿಗೆ ತುಂಬಿದಿರಿ. ಬಾಗಿಲಲ್ಲಿ ನಿಂತಿದ್ದ ಅಕ್ಷತಾ ಇದನ್ನೆಲ್ಲ ತನ್ನ ಮಕ್ಕಳಿಗೆ ಹೇಳಿದಳು. ಪ್ರಭುಲಿಂಗ ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ರೋಗ ಆಮೇಲೆ ಬಂತು. ಬಂದ ಮೇಲೂ ಮದ್ದಿತ್ತು, ತಾಯಿ; ಆದರೆ ಅವನು ನಿಮಗೆ ಹೆದರಿ ಬಾಯಿ ಬಿಡಲೇ ಇಲ್ಲ. ನಿಮಗೆ ತಿಳಿಯುವಷ್ಟರಲ್ಲಿ ಕೈ ಮೀರಿತ್ತು.

ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮರುಕವೂ ಇದೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಮೋಡವನ್ನು ಊರಿಂದೂರಿಗೆ ಅಟ್ಟುವುದನ್ನು ಕಲಿತಿದ್ದೇವೆ, ಒಂದು ಓಲೆಯನ್ನು ಹಿಂದಿನ ಕಾಲಕ್ಕೆ ಕಳಿಸುವುದು ಮಾತ್ರ ಯಾರಿಗೂ ಬರುವುದಿಲ್ಲ. ಪದ್ಧತಿಯಂತೆ ಇದನ್ನು ಗಟ್ಟಿಯಾಗಿ ಓದಿ, ಮಡಚಿ, ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಆದರೂ ಕೇಳದೆ ಇರಲಾರೆ. ಗುಳಿಗೆ ಸುರಿಯುವ ಮೊದಲು ಅವನ ಮಾತು ಪೂರ್ತಿ ಕೇಳಿ.

ಡಬ್ಬಿ ಇನ್ನೂ ನಮ್ಮಲ್ಲಿದೆ. ಮೊಮ್ಮಗಳು ಈಗಷ್ಟೇ ಒಗ್ಗರಣೆಗೆಂದು ಅದರಿಂದ ಜೀರಿಗೆ ತೆಗೆದುಕೊಂಡು ಹೋದಳು.